ಕೊಲ್ಹಾರದ ಸೇತುವೆಯ ಮೇಲೆ ಅವ್ವ ಕಿತ್ತ ಪ್ಲಗ್

ಹೋದ ಬೇಸಿಗೆಯ ಒಂದು ಸಂಜೆ ಇನ್ನೂ ನನ್ನ ಮನಸ್ಸಿನಿಂದ ಇಳಿದಿಲ್ಲ. ಅವ್ವನನ್ನು ಬಾಗಲಕೋಟೆಯ ಆಸ್ಪತ್ರೆಗೆ ತೋರಿಸಿಕೊಂಡು ವಿಜಯಪುರಕ್ಕೆ ಮರಳುತ್ತಿದ್ದೆವು. ಬ್ಯಾಟರಿಯ ಮೇಲೆ ಓಡುವ ಈ ವಿದ್ಯುತ್ ಕಾರು ಕೊಂಡು ಎರಡು ತಿಂಗಳೂ ಆಗಿರಲಿಲ್ಲ. ಬಾಗಲಕೋಟೆಯಲ್ಲಿ ಚಾರ್ಜ್ ಮಾಡೋಣವೆಂದರೆ ನಮಗಿಂತ ಮುಂದೆ ಎರಡು ಕಾರುಗಳಿದ್ದವು. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಕೂತು ಅವ್ವನಿಗೆ ಸಾಕಾಗಿತ್ತು, ಹಾಗಾಗಿ ಹೊರಟುಬಿಟ್ಟೆವು. ಬೀಳಗಿ ಕ್ರಾಸ್ ದಾಟಿ ಕೊರ್ತಿ–ಕೊಲ್ಹಾರ ಸೇತುವೆಗೆ ಬರುವ ಹೊತ್ತಿಗೆ ಉಳಿದ ಚಾರ್ಜಿನಲ್ಲಿ ಇನ್ನು 62 ಕಿಲೋಮೀಟರ್ ಓಡಬಹುದು ಎಂದು ಪರದೆ ತೋರಿಸುತ್ತಿತ್ತು. ಮನೆ ಇನ್ನೂ ನಲವತ್ತರ ಆಸುಪಾಸು. ಕೆಳಗೆ ಕೃಷ್ಣೆಯ ಹಿನ್ನೀರು ಇಳಿದು, ಕೆಸರು ಒಣಗಿ, ಅಲ್ಲಲ್ಲಿ ಕಲ್ಲಂಗಡಿ ಬಳ್ಳಿ ಹಬ್ಬಿತ್ತು. ಅಷ್ಟರಲ್ಲಿ ಅವ್ವನ ಉಸಿರಿನ ಸದ್ದು ಬದಲಾಯಿತು. ಅವಳಿಗೆ ದಮ್ಮು ಏಳುವ ಮೊದಲು ಗಂಟಲಲ್ಲಿ ಒಂದು ಸಣ್ಣ ಸೀಟಿಯಂತಹ ಸದ್ದು ಬರುತ್ತದೆ. ನಮ್ಮ ಮನೆಯಲ್ಲಿ ಎಲ್ಲರೂ ಅದನ್ನು ನಿದ್ದೆಯಲ್ಲಿಯೂ ಗುರುತಿಸುತ್ತೇವೆ.

ಔಷಧಿಯನ್ನು ಮಂಜು ಮಾಡಿ ಉಸಿರಿಗೆ ಕೊಡುವ ಯಂತ್ರ, ನೆಬ್ಯುಲೈಸರ್, ಹಿಂದಿನ ಸೀಟಿನ ಮೇಲೇ ಇತ್ತು. ಕಾರಿನ 12 ವೋಲ್ಟ್ ಸಾಕೆಟ್‌ಗೆ ಚುಚ್ಚಿ 230 ವೋಲ್ಟ್ ತೆಗೆಯುವ ಒಂದು ಚಿಕ್ಕ ಇನ್ವರ್ಟರನ್ನೂ ಕೊಂಡಿಟ್ಟಿದ್ದೆ, ಇಂಥ ಹೊತ್ತಿಗೆ ಇರಲಿ ಎಂದು. ಕಾರನ್ನು ಬದಿಗೆ ನಿಧಾನಿಸಿ ಅದನ್ನು ಚುಚ್ಚಿದೆ, ಅದರ ಹಸಿರು ದೀಪ ಹತ್ತಿತು. ಅವ್ವ ಒಮ್ಮೆ ಆ ದೀಪವನ್ನು ನೋಡಿದಳು, ಒಮ್ಮೆ ಪರದೆಯ ಮೇಲಿನ ಅಂಕಿಯನ್ನು ನೋಡಿದಳು. ಆಮೇಲೆ ಕೈಚಾಚಿ ಪ್ಲಗ್ ಕಿತ್ತು, ವೈರನ್ನು ನಾಲ್ಕು ಬೆರಳಿಗೆ ಸುತ್ತಿ ಮಡಿಲಲ್ಲಿಟ್ಟುಕೊಂಡಳು. "ಬೇಡ ತಮ್ಮಾ. ನಡುದಾರಿಯಲ್ಲಿ ಕರೆಂಟ್ ತೀರಿದರೆ ಏನು ಮಾಡುತ್ತೀಯ? ಮನೆಗೆ ಹೋಗಿ ಹಚ್ಚಿಕೊಳ್ಳುತ್ತೇನೆ." ಹಾಗೆಂದು, ಚಾರ್ಜಿಗೆ ಹಾಕಿದ್ದ ನನ್ನ ಮೊಬೈಲನ್ನೂ ಬಿಡಿಸಿಟ್ಟಳು.

ನನ್ನನ್ನು ಕಾಡುವುದು ಅವಳು ಕಿತ್ತದ್ದಲ್ಲ, ನಾನು ಒತ್ತಾಯ ಮಾಡದೆ ಸುಮ್ಮನಿದ್ದದ್ದು. ನನಗೂ ಅದೇ ಹೆದರಿಕೆ ಇತ್ತು. ಅವಳು ಬೇಡವೆಂದಾಗ ಒಳಗೊಳಗೇ ಒಂದು ಬಗೆಯ ನಿರಾಳವೂ ಆಯಿತು. ಮುಕ್ಕಾಲು ಗಂಟೆ ಅವಳು ಮುಂದಿನ ಹಿಡಿಕೆಯನ್ನು ಬಿಗಿಯಾಗಿ ಹಿಡಿದು, ಬೆನ್ನು ಸೀಟಿಗೆ ತಾಗಿಸದೆ, ಒಂದೊಂದೇ ಉಸಿರನ್ನು ಎಳೆದುಕೊಂಡು ಬಂದಳು. ಮನೆ ಮುಟ್ಟಿದಾಗ ಪರದೆಯಲ್ಲಿ ಇನ್ನೂ 19 ಕಿಲೋಮೀಟರ್ ಉಳಿದಿತ್ತು. ಅವಳು ಚಪ್ಪಲಿಯನ್ನೂ ಬಿಡದೆ ಪಡಸಾಲೆಯ ಪ್ಲಗ್ ಪಾಯಿಂಟಿನ ಹತ್ತಿರ ಕೂತುಬಿಟ್ಟಳು.

ಕರೆಂಟ್ ಬಂದ ಹೊತ್ತು

ಅವ್ವನ ಹೆದರಿಕೆ ಎಲ್ಲಿಂದ ಬಂತೆಂದು ನನಗೆ ಗೊತ್ತು. ಊರಲ್ಲಿ ಹೊಲ ಮಾಡುತ್ತಿದ್ದಾಗ ಮೂರು ಫೇಸ್ ಕರೆಂಟ್ ಬರುವುದಕ್ಕೆ ಗೊತ್ತಾದ ಹೊತ್ತಿರಲಿಲ್ಲ. ಬಂದದ್ದು ರಾತ್ರಿಯಾದರೆ ಅಪ್ಪ ಬ್ಯಾಟರಿ ಹಿಡಿದು ಹೊಲಕ್ಕೆ ಓಡುತ್ತಿದ್ದ. ವೋಲ್ಟೇಜ್ ಕಡಿಮೆ ಇದ್ದರೆ ಮೋಟಾರು ಗುಂಯ್‌ಗುಟ್ಟಿ ನಿಂತುಬಿಡುತ್ತಿತ್ತು. ಆಗ ಅವ್ವ ಮನೆಯ ಬಲ್ಬುಗಳನ್ನೆಲ್ಲ ಆರಿಸಿ, ಕತ್ತಲಲ್ಲಿ ನಮ್ಮನ್ನು ಕೂರಿಸಿಕೊಂಡು ಕಾಯುತ್ತಿದ್ದಳು. ಮನೆಯಲ್ಲಿ ಉಳಿಸಿದ ಕರೆಂಟ್ ಹೊಲದ ಮೋಟಾರಿಗೆ ಹೋಗಿ ಮುಟ್ಟುತ್ತದೆ ಎಂಬುದು ಅವಳ ನಂಬಿಕೆ. 60 ವಾಟಿನ ಬಲ್ಬು ಎಲ್ಲಿ, 5 ಎಚ್‌.ಪಿ. ಮೋಟಾರು ಎಲ್ಲಿ! ಅದಕ್ಕೆ ಬೇಕಾದದ್ದು 3,700 ವಾಟಿಗೂ ಹೆಚ್ಚು. ಆದರೂ ಆ ಕತ್ತಲಲ್ಲಿ ಅವಳು ಅಪ್ಪನಿಗೆ ಹೆಗಲು ಕೊಟ್ಟು ನಿಂತಿದ್ದಳು ಎಂದೇ ನನಗೆ ಈಗಲೂ ಅನಿಸುತ್ತದೆ. ಇಂದು ನಮ್ಮ ಜಿಲ್ಲೆಯಲ್ಲೇ ಕೂಡಗಿಯಲ್ಲಿ 2,400 ಮೆಗಾವಾಟಿನ ಸ್ಥಾವರವಿದೆ, ಆಲಮಟ್ಟಿಯ ಅಣೆಕಟ್ಟಿನಲ್ಲಿ 290 ಮೆಗಾವಾಟಿನ ವಿದ್ಯುದಾಗಾರವಿದೆ. ಆದರೆ ಕಂದೀಲಿನ ಬತ್ತಿಯನ್ನು ಇಳಿಸಿ ಇಳಿಸಿ ಬದುಕಿದ ಕೈ, ಮೆಗಾವಾಟಿನ ಲೆಕ್ಕ ಕೇಳಿ ಬದಲಾಗುವುದಿಲ್ಲ. ಉರಿಯುವುದು ಕಣ್ಣಿಗೆ ಕಂಡರೆ ಆ ಕೈ ಅದನ್ನು ಆರಿಸುತ್ತದೆ.

ಒಂದು ಯುನಿಟ್ಟಿಗೆ ಎಷ್ಟು ದಾರಿ

ನಾನು ಒಣದ್ರಾಕ್ಷಿ ಇಡುವ ಒಂದು ಶೀತಲಗೃಹದಲ್ಲಿ ಲೆಕ್ಕ ಬರೆಯುವವನು. ಅಲ್ಲಿ ತಿಂಗಳ ದೊಡ್ಡ ಖರ್ಚೆಂದರೆ ಕರೆಂಟ್ ಬಿಲ್ಲು, ಹಾಗಾಗಿ ಯುನಿಟ್ಟಿನ ಭಾಷೆ ನನಗೆ ದಿನದ ಭಾಷೆ. ಆ ಸಂಜೆಯ ನಂತರ ಒಂದು ಭಾನುವಾರ ಇಡೀ ಕೂತು ಕಾರಿನ ಲೆಕ್ಕವನ್ನೂ ಹಾಗೆಯೇ ಬರೆದೆ. ಒಂದು ಯುನಿಟ್ ಎಂದರೆ ಸಾವಿರ ವಾಟ್-ಗಂಟೆ. ಕಾರಿನ ದೊಡ್ಡ ಬ್ಯಾಟರಿಯಲ್ಲಿ ಸುಮಾರು 30 ಯುನಿಟ್ ಹಿಡಿಯುತ್ತದೆ. ಕೈಪಿಡಿ ಏನೇ ಹೇಳಲಿ, ನಮ್ಮ ರಸ್ತೆಯಲ್ಲಿ, ನಮ್ಮ ಬಿಸಿಲಿನಲ್ಲಿ ಅದು ಓಡುವುದು 200 ಕಿಲೋಮೀಟರ್. ಅಂದರೆ ಒಂದು ಕಿಲೋಮೀಟರಿಗೆ 150 ವಾಟ್-ಗಂಟೆ, ಒಂದು ಯುನಿಟ್ಟಿಗೆ ಆರೂವರೆಗೂ ಸ್ವಲ್ಪ ಹೆಚ್ಚು ಕಿಲೋಮೀಟರ್ ದಾರಿ. ಇಷ್ಟು ಗೊತ್ತಾದರೆ ಸಾಕು, ಕಾರಿಗೆ ಚುಚ್ಚುವ ಪ್ರತಿಯೊಂದು ವಸ್ತುವಿನ ತಿನ್ನುವಿಕೆಯನ್ನೂ ದಾರಿಯ ಅಳತೆಯಲ್ಲೇ ಹೇಳಬಹುದು. ನನಗೆ ಇದು ದೊಡ್ಡ ಸಮಾಧಾನ ಕೊಟ್ಟಿತು. "ಬ್ಯಾಟರಿ ಎಳೆಯುತ್ತದೆ" ಎಂಬ ಮಾತಿಗೆ ಉದ್ದಗಲವಿಲ್ಲ. "ನೂರು ಮೀಟರ್ ಎಳೆಯುತ್ತದೆ" ಎಂದರೆ ಅದು ನಮ್ಮ ಓಣಿಯ ತುದಿಯಷ್ಟು ದೂರ.

ಸಾಕೆಟ್ ಮತ್ತು ಉಪಕರಣದ ನಡುವೆ ಹಾಕಿದರೆ ವೋಲ್ಟ್, ಆಂಪಿಯರ್ ತೋರಿಸುವ ಚಿಕ್ಕ ಮೀಟರುಗಳು ಸಿಗುತ್ತವೆ. ಒಂದನ್ನು ತರಿಸಿ ಒಂದೊಂದನ್ನೇ ಅಳೆದೆ. ಮೊಬೈಲ್ 10 ವಾಟಿನ ಆಚೀಚೆ ಎಳೆಯಿತು, ಎರಡು ಗಂಟೆಯ ಪ್ರಯಾಣಕ್ಕೆ 20 ವಾಟ್-ಗಂಟೆ, ಅಂದರೆ 130 ಮೀಟರ್ ದಾರಿ. ಮುಂದಿನ ಗಾಜಿಗೆ ಅಂಟಿಸಿದ ಡ್ಯಾಶ್‌ಕ್ಯಾಮ್ ಐದು ವಾಟ್. ಗಾಲಿಗೆ ಗಾಳಿ ತುಂಬುವ ಪಂಪು 110 ವಾಟ್ ಎಳೆದು ಸದ್ದು ಮಾಡಿದರೂ ಆರು ನಿಮಿಷದಲ್ಲಿ ಕೆಲಸ ಮುಗಿಸಿತು, ಅದರ ಖರ್ಚು 75 ಮೀಟರ್. ಮೊಸರು, ಹಾಲು, ಅವ್ವನ ಔಷಧಿ ತಂಪಾಗಿಡುವ ಪೆಟ್ಟಿಗೆ ಎಲ್ಲಕ್ಕಿಂತ ಹೊಟ್ಟೆಬಾಕ. 50 ವಾಟಿನಂತೆ ಎರಡು ಗಂಟೆ ಬಿಡದೆ ಓಡಿದರೂ ಅದು ತಿಂದದ್ದು 700 ಮೀಟರಿಗಿಂತ ಕಡಿಮೆ. ದೊಡ್ಡ ಬ್ಯಾಟರಿಯ 300 ಚಿಲ್ಲರೆ ವೋಲ್ಟನ್ನು 12 ವೋಲ್ಟಿನ ಮಟ್ಟಕ್ಕೆ ಇಳಿಸುವಾಗ ಆಗುವ ಹತ್ತು ಪ್ರತಿಶತದಷ್ಟು ನಷ್ಟವನ್ನು ಸೇರಿಸಿದರೂ ಚಿತ್ರವೇನೂ ಬದಲಾಗುವುದಿಲ್ಲ.

ಇನ್ನು ನೆಬ್ಯುಲೈಸರ್. ಮನೆಯ ಯಂತ್ರದ ಹಿಂದೆ 150 ವಾಟ್ ಎಂದು ಬರೆದಿತ್ತು. ಹತ್ತು ನಿಮಿಷಕ್ಕೆ 25 ವಾಟ್-ಗಂಟೆ, 170 ಮೀಟರ್. ನೂರಾ ಎಪ್ಪತ್ತು ಮೀಟರ್! ಆ ಸೇತುವೆಯ ಕಾಲು ಭಾಗವೂ ಅಲ್ಲ. ಈ ಅಂಕಿಯನ್ನು ಬರೆದು ಪೆನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಆದರೆ ನಿಜ ಇಷ್ಟಕ್ಕೇ ಮುಗಿಯಲಿಲ್ಲ. ಅಂಗಳಕ್ಕೆ ಹೋಗಿ ಕಾರನ್ನು ಚಾಲೂ ಮಾಡಿ, ಇನ್ವರ್ಟರಿಗೆ ಅದೇ ಯಂತ್ರವನ್ನು ಜೋಡಿಸಿ ಗುಂಡಿ ಒತ್ತಿದೆ. ಒಂದು ಕ್ಷಣ ಗುರ್ರೆಂದಿತು, ನಿಂತುಹೋಯಿತು. ಸಾಕೆಟ್ಟಿನ ಫ್ಯೂಸ್ ಹೋಗಿತ್ತು. ಮುಚ್ಚಳವನ್ನು ಬೆಳಕಿಗೆ ಹಿಡಿದು ನೋಡಿದರೆ ಸಣ್ಣ ಅಕ್ಷರದಲ್ಲಿ "12 ವೋಲ್ಟ್, 120 ವಾಟ್" ಎಂದಿತ್ತು, ಫ್ಯೂಸು 10 ಆಂಪಿಯರಿನದು. ಬಾವಿಯ ತುಂಬ ನೀರಿದ್ದರೂ ಅರ್ಧ ಇಂಚಿನ ಪೈಪಿನಿಂದ ಹೊಲಕ್ಕೆ ಕಾಲುವೆ ಹರಿಯುವುದಿಲ್ಲ. ಒಟ್ಟು ಎಷ್ಟು ಖರ್ಚಾಗುತ್ತದೆ ಎಂಬುದು ಒಂದು ಲೆಕ್ಕ, ಒಂದೇ ಸಲಕ್ಕೆ ಎಷ್ಟು ಎಳೆಯಬಹುದು ಎಂಬುದು ಇನ್ನೊಂದು. ನಾನು ಎರಡನ್ನೂ ಒಂದೇ ಎಂದುಕೊಂಡಿದ್ದೆ. ಆ ಸಂಜೆ ನಾನು ಹಟ ಹಿಡಿದಿದ್ದರೂ ಯಂತ್ರ ಓಡುತ್ತಿರಲಿಲ್ಲ. ಅವ್ವನ ಉಸಿರಿಗೆ ಅಡ್ಡ ನಿಂತದ್ದು ಚಾರ್ಜಿನ ಕೊರತೆಯಲ್ಲ, ನಾನು ಮೊದಲೇ ಪರೀಕ್ಷಿಸದೆ ಬಿಟ್ಟದ್ದು.

ಅದೇ ಫ್ಯೂಸು ಇನ್ನೊಂದು ಮಾತನ್ನೂ ಹೇಳಿತು. ಆ ಸಾಕೆಟ್ಟಿಗೆ ಏನನ್ನೇ ಚುಚ್ಚಿ, 120 ವಾಟಿಗಿಂತ ಹೆಚ್ಚು ಎಳೆಯಲು ಅದು ಬಿಡುವುದಿಲ್ಲ. ಪೂರ್ತಿ ಒಂದು ಗಂಟೆ ಅಷ್ಟೂ ಎಳೆದರೂ ನಷ್ಟ ಸೇರಿಸಿ ಒಂದು ಕಿಲೋಮೀಟರ್ ಆಗುವುದಿಲ್ಲ. ಹೊಸದಾಗಿ ಇಂಥ ಕಾರು ಕೊಂಡವರು ಯಾರಾದರೂ ಸಿಕ್ಕರೆ ನಾನು ಮೊದಲು ಹೇಳುವುದು ಇದನ್ನೇ.

ಹಾಗಾದರೆ ತಿನ್ನುವುದು ಯಾವುದು

ಎ.ಸಿ. ನಮ್ಮಲ್ಲಿ ಏಪ್ರಿಲ್, ಮೇ ಎಂದರೆ 40 ಡಿಗ್ರಿ ದಾಟುವುದು ಹೊಸದಲ್ಲ. ಬಿಸಿಲಲ್ಲಿ ನಿಂತು ಕಾದ ಕಾರನ್ನು ತಂಪು ಮಾಡುವಾಗ ಮೊದಲ ಹತ್ತು ನಿಮಿಷ ಅದು ಎರಡು ಸಾವಿರ ವಾಟಿಗೂ ಮೇಲೆ ಹೋಗುತ್ತದೆ, ಆಮೇಲೆ ಇಳಿಯುತ್ತದೆ. ಸರಾಸರಿ ಒಂದೂವರೆ ಕಿಲೋವಾಟ್ ಎಂದು ಹಿಡಿದರೂ ಎರಡು ಗಂಟೆಗೆ ಮೂರು ಯುನಿಟ್, ಅಂದರೆ ಇಪ್ಪತ್ತು ಕಿಲೋಮೀಟರ್. ಮೊಬೈಲ್ ಚಾರ್ಜರಿಗೂ ಇದಕ್ಕೂ ಇರುವ ಅಂತರ ಬಲ್ಬಿಗೂ ಮೋಟಾರಿಗೂ ಇದ್ದ ಅಂತರಕ್ಕಿಂತ ದೊಡ್ಡದು. ಎರಡನೆಯದು ವೇಗ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ. 80ರಲ್ಲಿ ಹೋಗುವವರು 100ಕ್ಕೆ ಏರಿಸಿದರೆ ಅದೇ ದೂರಕ್ಕೆ ಗಾಳಿಯೊಡನೆ ಮಾಡುವ ಗುದ್ದಾಟ ಒಂದೂವರೆ ಪಟ್ಟು. ಮೇಲೆ ಆಷಾಢದ ಎದುರುಗಾಳಿ ಬೇರೆ. ಮರವಿಲ್ಲದ ನಮ್ಮ ಎರೆ ಬಯಲಿನಲ್ಲಿ ಅಥಣಿಯ ಕಡೆ ಮುಖ ಮಾಡಿ ಓಡಿಸಿದವರಿಗೆ ಅದರ ರುಚಿ ಗೊತ್ತು. ಆ ಸಂಜೆ ಹೆದ್ದಾರಿಯಲ್ಲಿ ನಾನು 95ರಲ್ಲಿ ಓಡಿಸಿದ್ದೆ, ಎ.ಸಿ.ಯನ್ನು 20ಕ್ಕೆ ಇಟ್ಟಿದ್ದೆ. ಅವೆರಡನ್ನೂ ಮುಟ್ಟದೆ ನೆಬ್ಯುಲೈಸರನ್ನು ಬಿಟ್ಟುಕೊಟ್ಟೆವು.

ತಿಕೋಟಾದ ಬೇವಿನ ಮರದ ಕೆಳಗೆ

ಇಷ್ಟೆಲ್ಲ ಲೆಕ್ಕ ಕಲಿತ ಮೇಲೆ ನನಗೆ ಧೈರ್ಯ ಬಂದಿತ್ತು, ಸಣ್ಣ ವಸ್ತುಗಳಿಂದ ಏನೂ ಆಗುವುದಿಲ್ಲ ಎಂದು. ಅದನ್ನು ತಿದ್ದಿದ್ದು ಅಕ್ಕನ ಊರು.

ತಿಕೋಟಾದ ಹತ್ತಿರ ಅಕ್ಕನ ಮನೆ. ಫೆಬ್ರುವರಿಯಲ್ಲಿ ದ್ರಾಕ್ಷಿ ಕೊಯ್ದು ಶೆಡ್ಡಿನಲ್ಲಿ ಒಣಹಾಕುವ ಹೊತ್ತು, ನಾಲ್ಕು ದಿನ ಇದ್ದು ಬರಲು ಹೋಗಿದ್ದೆವು. ಕಾರನ್ನು ಮನೆಯ ಮುಂದಿನ ಬೇವಿನ ಮರದ ಕೆಳಗೆ ನಿಲ್ಲಿಸಿದೆ. ಎತ್ತಿನ ಗಾಡಿ, ಟ್ರ್ಯಾಕ್ಟರ್, ಕೂಲಿಯವರ ಟೆಂಪೊ ಓಡಾಡುವ ಜಾಗ, ಯಾರಾದರೂ ತಾಗಿಸಿದರೆ ಗೊತ್ತಾಗಲಿ ಎಂದು ಡ್ಯಾಶ್‌ಕ್ಯಾಮ್ ನಿಂತಾಗಲೂ ಓಡುವಂತೆ ವೈರ್ ಮಾಡಿಸಿದ್ದೆ. ಐದು ವಾಟ್ ಅಲ್ಲವೇ, 30 ಯುನಿಟ್ಟಿನ ಮುಂದೆ ಎಷ್ಟು? ಬಂದ ದಿನ ಬ್ಯಾಟರಿ 71 ಪ್ರತಿಶತ ತೋರಿಸುತ್ತಿತ್ತು. ಐದನೆಯ ದಿನ ಬೆಳಿಗ್ಗೆ ಹೊರಡಲು ಚೀಲಗಳನ್ನು ತಂದು ರಿಮೋಟ್ ಒತ್ತಿದರೆ ಕಾರು ಮಿಸುಕಲಿಲ್ಲ. ರಿಮೋಟಿನೊಳಗೆ ಅಡಗಿದ್ದ ಲೋಹದ ಕೀಲಿಯಿಂದ ಬಾಗಿಲು ತೆಗೆದೆ. ದೀಪವಿಲ್ಲ, ಪರದೆಯಿಲ್ಲ, ಹಾರ್ನ್ ಇಲ್ಲ. ಮುಕ್ಕಾಲು ತುಂಬಿದ ಕಣಜವನ್ನು ಹೊತ್ತು ಕಾರು ಕಲ್ಲಿನಂತೆ ನಿಂತಿತ್ತು.

ಕಾರನ್ನು ಬಂದ್ ಮಾಡಿದಾಗ ದೊಡ್ಡ ಬ್ಯಾಟರಿಯ ತಂತಿ ಸುರಕ್ಷತೆಗಾಗಿ ಒಳಗೇ ಕಡಿದುಕೊಳ್ಳುತ್ತದೆ. ಅದನ್ನು ಮತ್ತೆ ಜೋಡಿಸುವ ಕೆಲಸ ಕಾಂಟ್ಯಾಕ್ಟರ್ ಎಂಬ ದಪ್ಪ ಸ್ವಿಚ್ಚುಗಳದು. ಆ ಸ್ವಿಚ್ಚು ಎಳೆಯಲು, ಕಾರಿನ ಗಣಕಗಳು ಏಳಲು, ಬಾಗಿಲು ತೆರೆಯಲು ಬೇಕಾದದ್ದು ಬಾನೆಟ್ಟಿನ ಕೆಳಗಿನ ಹಳೆಯ ಕಾಲದ 12 ವೋಲ್ಟ್ ಸೀಸದ ಬ್ಯಾಟರಿ. ನನ್ನದು 35 ಆಂಪಿಯರ್-ಗಂಟೆಯದು, ತುಂಬಿದಾಗಲೂ ಅರ್ಧ ಯುನಿಟ್ ಹಿಡಿಯುವುದಿಲ್ಲ. ನಿಂತ ಕಾರಿನಲ್ಲಿ ಡ್ಯಾಶ್‌ಕ್ಯಾಮ್ ಕುಡಿಯುತ್ತಿದ್ದದ್ದು ಆ 30 ಯುನಿಟ್ಟಿನ ಕೆರೆಯಿಂದಲ್ಲ, ಈ ತಂಬಿಗೆಯಿಂದ. ಐದು ವಾಟ್ ಎಂದರೆ 0.4 ಆಂಪಿಯರ್, ದಿನಕ್ಕೆ ಹತ್ತು ಆಂಪಿಯರ್-ಗಂಟೆ. ಮೂರು ದಿನಕ್ಕೆ ಮೂವತ್ತು. ನಾಲ್ಕನೆಯ ದಿನ ತಂಬಿಗೆ ಬರಿದು. ಕೆಲವು ಕಾರುಗಳು ನಿಂತಲ್ಲೇ ಆಗಾಗ ಎದ್ದು ದೊಡ್ಡದರಿಂದ ಚಿಕ್ಕದಕ್ಕೆ ಸ್ವಲ್ಪ ತುಂಬಿಕೊಳ್ಳುತ್ತವೆ, ನನ್ನದು ಹಾಗೆ ಮಾಡಲಿಲ್ಲ.

ಅಕ್ಕನ ಮಗ ಹತ್ತೊಂಬತ್ತರ ಹುಡುಗ, ಐ.ಟಿ.ಐ. ಓದುತ್ತಿದ್ದಾನೆ. "ಮಾಮಾ, ಟ್ರ್ಯಾಕ್ಟರಿನ ಬ್ಯಾಟರಿಯೂ ಹನ್ನೆರಡೇ ವೋಲ್ಟ್" ಎಂದ. ಕೈಪಿಡಿ ತೆಗೆದು ಓದಿದೆ. ಹೊರಗಿನ 12 ವೋಲ್ಟ್ ಕೊಟ್ಟು ಈ ಕಾರನ್ನು ಎಬ್ಬಿಸಬಹುದು, ಆದರೆ ಈ ಕಾರಿನಿಂದ ಬೇರೆ ಗಾಡಿಯನ್ನು ಎಬ್ಬಿಸಬಾರದು ಎಂದು ಬರೆದಿತ್ತು. ಅವನು ದ್ರಾಕ್ಷಿಯ ಟ್ರೇ ಹೇರಿದ್ದ ಟ್ರೇಲರನ್ನು ಕಳಚಿಟ್ಟು ಟ್ರ್ಯಾಕ್ಟರನ್ನು ಬೇವಿನ ಮರದವರೆಗೆ ತಂದ, ಎಂಜಿನ್ ಬಂದ್ ಮಾಡಿದ. ಅದರ ಬ್ಯಾಟರಿಯ ಮೇಲೆ ಹೊಲದ ಧೂಳು, ಗ್ರೀಸು, ತುದಿಗಳಲ್ಲಿ ಬೂದಿ ಬಣ್ಣದ ಹೊಪ್ಪಳೆ. ಅಂಗಿಯ ತುದಿಯಿಂದ ಒರೆಸಿ ಕೆಂಪು ತಂತಿಯನ್ನು ಪ್ಲಸ್ಸಿನಿಂದ ಪ್ಲಸ್ಸಿಗೆ ಹಚ್ಚಿದ. ಕಪ್ಪು ತಂತಿಯ ಕೊನೆಯ ತುದಿಯನ್ನು ಬ್ಯಾಟರಿಯಿಂದ ದೂರ, ಕಾರಿನ ಬಣ್ಣವಿಲ್ಲದ ಲೋಹಕ್ಕೆ ಕಚ್ಚಿಸಿದ. ನಾನು ಬ್ರೇಕ್ ತುಳಿದು ಗುಂಡಿ ಒತ್ತಿದೆ. ಕೆಳಗೆಲ್ಲೋ "ಟಕ್" ಎಂಬ ಗಟ್ಟಿ ಸದ್ದು. ಪರದೆ ಬೆಳಗಿತು, 71 ಪ್ರತಿಶತ. ಡೀಸೆಲ್ ಕಾರಿಗೆ ಬೇಕಾಗುವಷ್ಟು ದೊಡ್ಡ ಕರೆಂಟೂ ಇದಕ್ಕೆ ಬೇಕಿರಲಿಲ್ಲ, ತಿರುಗಿಸಲು ಎಂಜಿನ್ ಇಲ್ಲವಲ್ಲ. ಒಮ್ಮೆ ಎಚ್ಚರವಾದರೆ ಸಾಕು, ದೊಡ್ಡ ಬ್ಯಾಟರಿಯೇ ಚಿಕ್ಕದನ್ನು ತುಂಬತೊಡಗುತ್ತದೆ. ಮೀಟರಿನಲ್ಲಿ 14 ವೋಲ್ಟಿನ ಹತ್ತಿರ ಅಂಕಿ ನಿಂತಿತು.

ಅವ್ವ ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ನೋಡುತ್ತಿದ್ದಳು. "ಅದಕ್ಕೇ ಅಂದೆ, ಸಣ್ಣದಾದರೂ ಹಚ್ಚಿ ಬಿಡಬಾರದು" ಎಂದಳು. ಈ ಸಲ ಅವಳ ಮಾತು ಸರಿಯಿತ್ತು, ನಾನು ಹಾಗೆಂದು ಒಪ್ಪಿಕೊಂಡೆ. ಓಡುವ ಕಾರಿನಲ್ಲಿ ಐದು ವಾಟ್ ಏನೂ ಅಲ್ಲ, ಹತ್ತಾರು ತಾಸು ನಿಂತ ಕಾರಿನಲ್ಲಿ ಅದೇ ಐದು ವಾಟ್ ಕಾರನ್ನೇ ಮಲಗಿಸುತ್ತದೆ. ಬಲ್ಬು ಆರಿಸುತ್ತಿದ್ದ ಅವಳ ಕೈಗೆ ಕಾಲದ ಲೆಕ್ಕ ಗೊತ್ತಿತ್ತು, ವಾಟಿನ ಲೆಕ್ಕದ ಗುಂಗಿನಲ್ಲಿ ನಾನು ಅದನ್ನು ಮರೆತಿದ್ದೆ. ವಿಜಯಪುರಕ್ಕೆ ಬಂದ ಮೇಲೆ ವೋಲ್ಟೇಜ್ 12.2ಕ್ಕೆ ಇಳಿದರೆ ತಾನೇ ಕಡಿದುಕೊಳ್ಳುವ ಸಾಧನವೊಂದನ್ನು ಕ್ಯಾಮೆರಾಕ್ಕೆ ಹಾಕಿಸಿದೆ. ಸೀಸದ ಬ್ಯಾಟರಿ ಆ ಅಂಕಿಗೆ ಬಂದಾಗ ಸುಮಾರು ಅರ್ಧ ಉಳಿದಿರುತ್ತದೆ. ಊರಿಗೆ ಹೋದರೆ ಕ್ಯಾಮೆರಾದ ವೈರನ್ನೇ ಬಿಡಿಸಿಡುತ್ತೇನೆ.

ಇಲ್ಲಿ ಇನ್ನೊಂದನ್ನು ಹೇಳಬೇಕು. ಚಿಕ್ಕ ಬ್ಯಾಟರಿ ಕುಸಿಯದಿರಲಿ ಎಂದು ಕಾರನ್ನು ಚಾಲೂ ಇಟ್ಟು ಮೊಬೈಲ್ ಚಾರ್ಜ್ ಮಾಡುತ್ತಾ ಕೂರುವವರನ್ನು ಬಸ್ ನಿಲ್ದಾಣದ ಹೊರಗೆ ನೋಡಿದ್ದೇನೆ. ಎ.ಸಿ. ಇಲ್ಲದೆ ಸುಮ್ಮನೆ ಚಾಲೂ ಇದ್ದರೂ ಗಣಕ, ಪಂಪು, ದೀಪ ಸೇರಿ ನನ್ನ ಕಾರು 200 ವಾಟಿಗೂ ಹೆಚ್ಚು ತಿನ್ನುತ್ತದೆ. ಹತ್ತು ವಾಟಿನ ಮೊಬೈಲಿಗೆ ಇನ್ನೂರು ವಾಟಿನ ಮೆರವಣಿಗೆ. ಅದಕ್ಕಿಂತ ಮೊಬೈಲನ್ನು ಹೋಗುವ ದಾರಿಯಲ್ಲೇ ತುಂಬಿಕೊಳ್ಳುವುದು ಒಳ್ಳೆಯದು. ಈಗಿನ ಕೆಲವು ಕಾರುಗಳು ದೊಡ್ಡ ಬ್ಯಾಟರಿಯಿಂದಲೇ ನೇರವಾಗಿ 230 ವೋಲ್ಟ್ ತೆಗೆದು ಮೂರು ಕಿಲೋವಾಟಿಗೂ ಹೆಚ್ಚು ಹೊರಗೆ ಕೊಡುತ್ತವೆ. ಅಂಥದ್ದಿದ್ದರೆ ಮನೆಯ ನೆಬ್ಯುಲೈಸರ್ ಯಾವ ತಕರಾರೂ ಇಲ್ಲದೆ ಓಡುತ್ತಿತ್ತು. ನನ್ನದರಲ್ಲಿ ಆ ಅನುಕೂಲವಿಲ್ಲ.

ಇಲ್ಲದ್ದಕ್ಕೆ ಬೇರೆ ದಾರಿ ಸಿಕ್ಕಿತು. ಮುಂದಿನ ಸಲ ಬಾಗಲಕೋಟೆಗೆ ಹೋದಾಗ ವೈದ್ಯರ ಹತ್ತಿರ ಈ ಫ್ಯೂಸಿನ ಕಥೆ ಹೇಳಿದೆ. ಗಾಳಿ ಒತ್ತುವ ಯಂತ್ರದ ಬದಲು, ಸಣ್ಣ ತೂತುಗಳ ಜಾಲರಿಯನ್ನು ನಡುಗಿಸಿ ಔಷಧಿಯನ್ನು ಮಂಜು ಮಾಡುವ ಮೆಶ್ ನೆಬ್ಯುಲೈಸರ್ ಇದೆ, ಎಲ್ಲ ಔಷಧಿಗೂ ಅದು ಹೊಂದುವುದಿಲ್ಲ, ನಿಮ್ಮ ತಾಯಿಯವರ ಔಷಧಿಗೆ ಆಗುತ್ತದೆ ಎಂದರು. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು, ಮೊಬೈಲ್ ಚಾರ್ಜರಿನ ವೈರೇ ಅದಕ್ಕೂ ಸಾಕು. ಅಳೆದರೆ ಎರಡು ವಾಟ್. ಕೊಂಡ ದಿನವೇ ಕಾರಿನಲ್ಲಿ ಹಚ್ಚಿ, ಹತ್ತು ನಿಮಿಷ ಓಡಿಸಿ ನೋಡಿಯೇ ಚೀಲದಲ್ಲಿಟ್ಟೆ.

ಈ ಏಪ್ರಿಲ್‌ನಲ್ಲಿ ಅದೇ ಹೆದ್ದಾರಿಯಲ್ಲಿ ಮರಳುತ್ತಿದ್ದೆವು. ಸೇತುವೆ ದಾಟಿ ಕೊಲ್ಹಾರದಲ್ಲಿ ನಿಂತು ಎರಡು ಕುಡಿಕೆ ಮೊಸರು ಕೊಂಡೆ, ತಂಪು ಪೆಟ್ಟಿಗೆಯಲ್ಲಿಟ್ಟೆ. ಊರು ಬಿಟ್ಟು ಸ್ವಲ್ಪ ದೂರ ಬರುವಷ್ಟರಲ್ಲಿ ಆ ಸೀಟಿಯ ಸದ್ದು ಕೇಳಿಸಿತು. ಬದಿಗೆ ನಿಲ್ಲಿಸಿ ಔಷಧಿ ಹಾಕಿ ಮಾಸ್ಕ್ ಕೊಟ್ಟೆ. ಅವಳು ಬಾಯಿಗೆ ಹಿಡಿದುಕೊಂಡು, ಪರದೆಯ ಕಡೆ ನೋಡಿ, ಇನ್ನೊಂದು ಕೈಯಿಂದ ಎಷ್ಟು ಎಂಬಂತೆ ಕೇಳಿದಳು.

"ಎರಡು ಮೀಟರ್ ಅವ್ವಾ. ಇಲ್ಲಿಂದ ಆ ಕಲ್ಲಿನವರೆಗೆ" ಎಂದು ರಸ್ತೆಬದಿಯ ಕಿಲೋಮೀಟರ್ ಕಲ್ಲನ್ನು ತೋರಿಸಿದೆ.

ಅವಳು ಕಲ್ಲನ್ನು ನೋಡಿದಳು, ನಂಬಿದಳೋ ಇಲ್ಲವೋ, ಪ್ಲಗ್ಗಿನ ಹತ್ತಿರ ಕೈ ಒಯ್ಯಲಿಲ್ಲ. ಬೆನ್ನನ್ನು ಸೀಟಿಗೆ ಆನಿಸಿದಳು. ಮಂಜು ಮಾಸ್ಕಿನ ಅಂಚಿನಿಂದ ಸಣ್ಣಗೆ ಹೊರಬಂದು ಗಾಜಿನ ಮೇಲೆ ಕೂತು ಆರುತ್ತಿತ್ತು. ಹತ್ತು ನಿಮಿಷದ ಮೇಲೆ ಮಾಸ್ಕ್ ತೆಗೆದು ಸೆರಗಿನಿಂದ ಮುಖ ಒರೆಸಿಕೊಂಡು, "ಈ ತಂಪು ಗಾಳಿ ಎಷ್ಟು ತಿನ್ನುತ್ತದೆ?" ಎಂದಳು.

"ಮನೆ ಮುಟ್ಟುವವರೆಗೆ ಏಳೆಂಟು ಕಿಲೋಮೀಟರ್."

"ಹಾಗಾದರೆ ಅದನ್ನು ಇಳಿಸು" ಎಂದಳು. 22ರಲ್ಲಿದ್ದದ್ದನ್ನು 26ಕ್ಕೆ ಇಟ್ಟೆ.